ವಿದ್ಯಾದಾನದ ಜಮಾ-ಖರ್ಚು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ವಿಶೇಷವಾದ ಗೌರವವಿದೆ. ಅನ್ನವು ಒಂದು ಹೊತ್ತಿನ ಹಸಿವನ್ನು ಕಳೆಯುತ್ತದೆ, ಔಷಧವು ಬಂದ ರೋಗವನ್ನು ಕಳೆಯುತ್ತದೆ. ಅರಿವಾದರೋ ಪಡೆದವನ ಜೊತೆಯಲ್ಲಿ ಕೊನೆಯ ತನಕ ಉಳಿಯುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ಕನ್ನಡ ನಾಡು ಸಾವಿರ ವರ್ಷಗಳಿಂದ ನೆನೆಯುತ್ತ ಬಂದಿದೆ. ಇಂದಿನ ಕಾಲಕ್ಕೆ ಶಾಸ್ತ್ರದಾನವೆಂದರೆ ಬಡಮಕ್ಕಳಿಗೆ ಅಕ್ಷರವನ್ನೂ ಲೆಕ್ಕವನ್ನೂ ಕಲಿಸುವುದೇ ಆಗಿದೆ ಎಂದರೆ ಯಾರೂ ಆಕ್ಷೇಪಿಸಲಾರರು. ಇಷ್ಟು ದೊಡ್ಡ ಹೆಸರುಳ್ಳ ದಾನವಾದ ಕಾರಣದಿಂದಲೇ, ಆ ಹೆಸರನ್ನು ಯಾವುದಕ್ಕೆ ಬಳಸಲಾಗುತ್ತಿದೆ ಎಂಬುದನ್ನು ಪರೀಕ್ಷಿಸಿ ನೋಡುವುದು ಅವಶ್ಯವಾಗಿದೆ.

ಇತ್ತೀಚಿನ ವರ್ಷಗಳಲ್ಲಿ ನಗರಗಳ ಅನುಕೂಲಸ್ಥ ಕುಟುಂಬಗಳಲ್ಲಿ ಒಂದು ಹೊಸ ವಾಡಿಕೆ ಕಾಣಿಸಿಕೊಂಡಿದೆ. ಪಿಯುಸಿಯನ್ನೋ ಪದವಿಯನ್ನೋ ಮುಗಿಸುವ ಹಂತದ ಮಕ್ಕಳನ್ನು ನೇಪಾಳ, ಕಾಂಬೋಡಿಯ, ಕೀನ್ಯಾದಂತಹ ದೇಶಗಳಿಗೆ ಎರಡು ವಾರ, ನಾಲ್ಕು ವಾರಗಳ ಮಟ್ಟಿಗೆ ಸ್ವಯಂಸೇವಕ ಶಿಕ್ಷಕರನ್ನಾಗಿ ಕಳುಹಿಸಲಾಗುತ್ತದೆ. ಅಲ್ಲಿ ಶಿಕ್ಷಕರ ಕೊರತೆಯಿರುವ ಯಾವುದಾದರೊಂದು ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುವರು. ಇದಕ್ಕೆ ಏಜೆನ್ಸಿಗಳಿವೆ, ಶುಲ್ಕವಿದೆ, ಕೊನೆಯಲ್ಲಿ ಪ್ರಮಾಣಪತ್ರವಿದೆ. ಆ ಪ್ರಮಾಣಪತ್ರವು ವಿದೇಶದ ವಿಶ್ವವಿದ್ಯಾಲಯಗಳ ಪ್ರವೇಶದ ಅರ್ಜಿಗೆ ಲಗತ್ತಾಗುತ್ತದೆ. ಇದೇ ವಾಡಿಕೆಯ ಇನ್ನೊಂದು ಮುಖವೂ ಉಂಟು. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಬೇಸಿಗೆಯ ರಜೆಯಲ್ಲಿ ಅಜ್ಜ-ಅಜ್ಜಿಯರ ಊರಿಗೆ ಬಂದಾಗ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಹತ್ತು ದಿನ ಪಾಠ ಹೇಳಿ, ಹಾರ-ಶಾಲುಗಳ ಸನ್ಮಾನ ಪಡೆದು ಹಿಂದಿರುಗುವುದು. ಎರಡನ್ನೂ ವಿದ್ಯಾದಾನವೆಂದು ಕರೆಯಲಾಗುತ್ತಿದೆ. ಹಾಗೆ ಕರೆಯುವುದು ಸಲ್ಲದು. ಅದು ಪ್ರವಾಸವಾಗಿರಬಹುದು, ಮಕ್ಕಳ ಅನುಭವಕ್ಕೆ ಒಳ್ಳೆಯದೇ ಆಗಿರಬಹುದು, ದಾನವಂತೂ ಅಲ್ಲ.

ಈ ವಾಡಿಕೆಯನ್ನು ಸಮರ್ಥಿಸುವವರ ಮಾತನ್ನು ಮೊದಲು ನ್ಯಾಯವಾಗಿ ಕೇಳಬೇಕು. ಜ್ಞಾನಕ್ಕೆ ದೇಶದ ಗಡಿಯಿಲ್ಲ, ಹಸಿದ ಮಗು ಎಲ್ಲಿದ್ದರೂ ಮಗುವೇ, ಜಗತ್ತಿನಲ್ಲಿ ಶಿಕ್ಷಕರ ಕೊರತೆ ನಿಜವಾಗಿಯೂ ಇದೆ ಎಂದು ಅವರು ಹೇಳುವರು. ಮೂರೂ ಸತ್ಯವೇ. 2030ರ ವೇಳೆಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ದೊರೆಯಬೇಕಾದರೆ ಜಗತ್ತಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕೆಂದು ಯುನೆಸ್ಕೋ ಲೆಕ್ಕ ಹಾಕಿದೆ. ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕಕ್ಕೇ ಒಂದೂವರೆ ಕೋಟಿ ಬೇಕು. ಆದರೆ ಈ ಲೆಕ್ಕ ಹೇಳುವುದು ವರ್ಷಗಟ್ಟಲೆ ತರಗತಿಯಲ್ಲಿ ನಿಲ್ಲುವ ಶಿಕ್ಷಕರ ಕೊರತೆಯನ್ನು. ಎರಡು ವಾರದ ಅತಿಥಿಗಳ ಕೊರತೆ ಯಾವ ದೇಶದಲ್ಲಿಯೂ ಇಲ್ಲ.

ಕೀನ್ಯಾದ ಉದಾಹರಣೆಯೇ ವಿಚಾರಾರ್ಹವಾಗಿದೆ. ಅಲ್ಲಿನ ಪಶ್ಚಿಮ ಭಾಗದಲ್ಲಿ 2005ರಲ್ಲಿ ಆರಂಭವಾದ ಒಂದು ಪ್ರಯೋಗದಲ್ಲಿ 140 ಪ್ರಾಥಮಿಕ ಶಾಲೆಗಳಿಗೆ ಹಣವನ್ನು ಮಾತ್ರ ಕೊಡಲಾಯಿತು. ಒಂದನೆಯ ತರಗತಿಗೆ ಆ ಊರಿನ ಕಡೆಯವರೇ ಆದ ಇನ್ನೊಬ್ಬ ತರಬೇತಿ ಪಡೆದ ಶಿಕ್ಷಕರನ್ನು ಗುತ್ತಿಗೆಯ ಮೇಲೆ ನೇಮಿಸಿಕೊಳ್ಳಬೇಕೆಂಬುದು ಷರತ್ತು. ಹೀಗೆ ನೇಮಕವಾದವರ ಕೈಕೆಳಗೆ ಕಲಿತ ಮಕ್ಕಳು ಕಾಯಂ ಶಿಕ್ಷಕರ ಮಕ್ಕಳಿಗಿಂತ ಚೆನ್ನಾಗಿ ಕಲಿತರೆಂದು ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೋ, ಪಾಸ್ಕಲೀನ್ ಡುಪಾ, ಮೈಕೆಲ್ ಕ್ರೆಮರ್ ಅವರ ಅಧ್ಯಯನ ತೋರಿಸಿತು. ಅಂದರೆ ಆ ದೇಶದಲ್ಲಿ ಕಲಿಸಬಲ್ಲ ಮನುಷ್ಯರು ಇದ್ದರು. ಅವರಿಗೆ ಸಂಬಳ ಕೊಡುವ ಹಣ ಇರಲಿಲ್ಲ. ಇಂತಹ ಕಡೆಗೆ ಸಾವಿರಾರು ಮೈಲಿಗಳಿಂದ ಹತ್ತೊಂಬತ್ತು ವರ್ಷದ ತರುಣನೊಬ್ಬನನ್ನು ವಿಮಾನದಲ್ಲಿ ಕಳುಹಿಸುವುದೆಂದರೆ, ಬಾಯಾರಿದವನ ಮುಂದೆ ಬಾವಿಗೆ ಹಗ್ಗ ಕೊಡುವ ಬದಲು ನೀರಿನ ಚಿತ್ರವನ್ನು ಹಿಡಿದಂತೆ.

ಈ ಮಾತು ಹೊಸದೂ ಅಲ್ಲ. 1968ರ ಏಪ್ರಿಲ್ ತಿಂಗಳಿನಲ್ಲಿ ಇವಾನ್ ಇಲಿಚ್ ಎಂಬ ಚಿಂತಕನು ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಿಗೆಯ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಯಲ್ಲಿಯೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಉಪಕಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಕಠೋರವಾದ ಭಾಷಣ ಮಾಡಿದನು. ಭಾಷೆ ತಿಳಿಯದ, ಆ ಜನರ ಬದುಕು ತಿಳಿಯದ ಉಪಕಾರಿಯು ತಾನು ಮಾಡುವ ಹಾನಿಯನ್ನು ಅರಿಯಲಾರ ಎಂಬುದು ಅವನ ವಾದವಾಗಿತ್ತು.

ಹಿಂದೆ ಹೊರದೇಶಗಳಿಂದ ಕನ್ನಡ ನಾಡಿಗೆ ಬಂದು ಕಲಿಸಿದವರ ಚರಿತ್ರೆಯನ್ನು ನೋಡಿದರೂ ಇದೇ ಅಂಶ ಸ್ಪಷ್ಟವಾಗುವುದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬಂದವನು ಮೊದಲು ಕನ್ನಡ ಕಲಿತನು, ಶಾಲೆಗಳನ್ನು ತೆರೆದನು, ವರ್ಷಾನುಗಟ್ಟಲೆ ನಿಂತನು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದನು. ಅವನ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಇವರ ಉದ್ದೇಶ ಮತಪ್ರಚಾರವಾಗಿತ್ತು, ಆ ಉದ್ದೇಶವನ್ನು ಒಪ್ಪಬೇಕಾದ ಅಗತ್ಯವಿಲ್ಲ. ಆದರೆ ಕಲಿಸಲು ಹೊರಟವನು ಮೊದಲು ಕಲಿಯಬೇಕು, ಕಲಿತ ಮೇಲೆ ನಿಲ್ಲಬೇಕು ಎಂಬ ನಿಯಮವನ್ನು ಅವರು ಪಾಲಿಸಿದರು. 1961ರಿಂದ 1976ರವರೆಗೆ ಭಾರತದಲ್ಲಿ ಕೆಲಸ ಮಾಡಿದ ಅಮೆರಿಕದ ಪೀಸ್ ಕೋರ್ ಸಂಸ್ಥೆ ಕೂಡ ತನ್ನ ಸ್ವಯಂಸೇವಕರಿಗೆ ಸ್ಥಳೀಯ ಭಾಷೆಯ ತರಬೇತಿ ಕೊಟ್ಟು, ಎರಡು ವರ್ಷಗಳ ಅವಧಿಗೆ ಕಳುಹಿಸುತ್ತಿತ್ತು. ಆ ಎರಡು ವರ್ಷವೂ ಸಾಲದೆಂಬ ಟೀಕೆ ಅದರೊಳಗಿಂದಲೇ ಬಂದಿತ್ತು. ಎರಡು ವರ್ಷದಿಂದ ಎರಡು ವಾರಕ್ಕೆ ಇಳಿದ ಮೇಲೆ ಉಳಿದಿರುವುದು ಸೇವೆಯ ಹೆಸರೊಂದೇ.

ದಾನದ ಹೆಚ್ಚು-ಕಡಿಮೆಯನ್ನು ನಿರ್ಣಯಿಸಲು ಜೈನ ಆಚಾರ್ಯರು ನಾಲ್ಕು ಅಳತೆಗಳನ್ನು ಹೇಳಿದ್ದಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಈ ಅಳತೆಗಳನ್ನು ಇಲ್ಲಿ ಇಟ್ಟು ನೋಡಬಹುದು. ವಿಧಿ ಎಂದರೆ ಕೊಡುವ ಕ್ರಮ. ತರಗತಿಯ ಪಾಠಕ್ಕೆ ಕ್ರಮವಿದೆ, ನಿನ್ನೆಯ ಪಾಠ ತಿಳಿಯದವನು ಇಂದಿನ ಪಾಠ ಮಾಡಲಾರ. ದ್ರವ್ಯವೆಂದರೆ ಕೊಡುವ ವಸ್ತು. ತನ್ನದೇ ವಿದ್ಯಾಭ್ಯಾಸವನ್ನು ಮುಗಿಸದವನ ಬಳಿ, ಕಲಿಸುವ ತರಬೇತಿಯಿಲ್ಲದವನ ಬಳಿ ಕೊಡಲು ಇರುವುದು ಎಷ್ಟು? ದಾತೃವಿನ ಭಾವ ಪ್ರತಿಫಲವನ್ನು ಬಯಸಬಾರದು. ಇಲ್ಲಿ ಪ್ರತಿಫಲವು ಪ್ರಮಾಣಪತ್ರದ ರೂಪದಲ್ಲಿ ಮುಂಚಿತವಾಗಿಯೇ ಗೊತ್ತಾಗಿದೆ. ಪಾತ್ರವಾದರೋ ಆ ಮಗು. ಆದರೆ ಈ ಇಡೀ ವ್ಯವಹಾರದಲ್ಲಿ ಅಭಿಪ್ರಾಯ ಕೇಳಲ್ಪಡದವರು ಆ ಮಗು ಮತ್ತು ಅದರ ತಂದೆತಾಯಿಗಳು ಮಾತ್ರ. ಅದರ ಮುಖದ ಭಾವಚಿತ್ರ ಮಾತ್ರ ಯಾರನ್ನೂ ಕೇಳದೆ ದೇಶಾಂತರ ಸಂಚರಿಸುತ್ತದೆ. ನಾಲ್ಕು ಅಳತೆಗಳಲ್ಲಿ ಒಂದರಲ್ಲಿಯೂ ಇದು ತೂಗುವುದಿಲ್ಲ.

ಇಷ್ಟಕ್ಕೂ ಕೊರತೆಯನ್ನು ಹುಡುಕಿಕೊಂಡು ಸಮುದ್ರ ದಾಟುವ ಅಗತ್ಯ ಎಲ್ಲಿದೆ? ಬೆಂಗಳೂರಿನಿಂದ ಒಂದು ಹಗಲಿನ ದಾರಿಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಿವೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿದ ತಾಲ್ಲೂಕುಗಳು ಇವೇ. 1953ರವರೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆ ವರ್ಷ ಮೈಸೂರು ರಾಜ್ಯಕ್ಕೆ ಸೇರಿದ ನಾಡು ಇದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಬಳಿಕ ವಿಜಯನಗರಕ್ಕೆ ಸೇರಿತು. ಹಿಂದುಳಿದ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯು 2013ರಲ್ಲಿ ಜಾರಿಗೆ ಬಂದಾಗ, ಬೇರೆ ಜಿಲ್ಲೆಯಲ್ಲಿದ್ದ ಒಂದೇ ಕಾರಣಕ್ಕೆ ಹರಪನಹಳ್ಳಿ ಹೊರಗುಳಿದು, ಹೋರಾಟ ಮಾಡಬೇಕಾಗಿ ಬಂತು.

ಈ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯ ಬಹಳ ಮನೆಗಳಿಗೆ ವರ್ಷವಿಡೀ ಅನ್ನ ಕೊಡುವುದಿಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದಲೂ ಲಂಬಾಣಿ ತಾಂಡಾಗಳಿಂದಲೂ ಜನ ಗುಳೆ ಹೋಗುವರು: ಕೆಲವರು ಮಲೆನಾಡಿನ ಕಾಫಿ ತೋಟಗಳಿಗೆ, ಕೆಲವರು ಕಬ್ಬು ಕಡಿಯಲು, ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಮಕ್ಕಳಲ್ಲಿ ಕೆಲವರು ಅವರ ಹಿಂದೆ ಹೋಗುವರು, ಕೆಲವರು ಮುದುಕರ ಬಳಿ ಉಳಿಯುವರು. ನಡುವೆ ನಾಲ್ಕು ತಿಂಗಳು ಶಾಲೆ ಬಿಟ್ಟ ಮಗು ಮರಳಿ ಬಂದಾಗ ಅದರ ಹೆಸರನ್ನು ನೆನಪಿಟ್ಟುಕೊಂಡಿರುವ, ಅದು ಎಲ್ಲಿ ನಿಂತಿತ್ತೋ ಅಲ್ಲಿಂದ ಹಿಡಿದು ಮುಂದಕ್ಕೆ ಕರೆದೊಯ್ಯುವ ಶಿಕ್ಷಕರು ಬೇಕು. ತಾಂಡಾದಿಂದ ಬರುವ ಆರು ವರ್ಷದ ಮಗುವಿನ ಮನೆಮಾತು ಲಂಬಾಣಿ. ಕನ್ನಡವೇ ಅದಕ್ಕೆ ಶಾಲೆಯಲ್ಲಿ ಎದುರಾಗುವ ಎರಡನೆಯ ಭಾಷೆ. ಹತ್ತು ದಿನ ಬಂದು ಇಂಗ್ಲಿಷ್ ಹಾಡು ಹೇಳಿಕೊಟ್ಟು ಹೋಗುವವರಿಂದ ಈ ಮಗುವಿಗೆ ಒದಗುವ ಪ್ರಯೋಜನವನ್ನು ಯಾರೂ ಊಹಿಸಿಕೊಳ್ಳಬಹುದು.

ಮಕ್ಕಳ ಶಿಕ್ಷಣದ ಹಕ್ಕಿನ 2009ರ ಕಾಯಿದೆ ಹೇಳುವುದೇನು? ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಮಕ್ಕಳು 60ಕ್ಕಿಂತ ಹೆಚ್ಚಿಲ್ಲದಿದ್ದರೂ ಇಬ್ಬರು ಶಿಕ್ಷಕರಿರಬೇಕು. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಉಳಿಯಬಾರದು. ವರ್ಷಕ್ಕೆ ಐದನೆಯ ತರಗತಿಯವರೆಗೆ 200 ದಿನ, ಆರರಿಂದ ಎಂಟನೆಯ ತರಗತಿಗೆ 220 ದಿನ ಪಾಠ ನಡೆಯಬೇಕು. ವಾಸ್ತವದಲ್ಲಿ 2024-25ನೇ ಸಾಲಿನ ಕೇಂದ್ರ ಶಿಕ್ಷಣ ಸಚಿವಾಲಯದ ಅಂಕಿ-ಅಂಶಗಳ ಪ್ರಕಾರ ದೇಶದಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಏಕೋಪಾಧ್ಯಾಯ ಶಾಲೆಗಳಿವೆ. ಕರ್ನಾಟಕದಲ್ಲಿಯೇ 7 ಸಾವಿರಕ್ಕೂ ಮೇಲ್ಪಟ್ಟು ಇವೆ. ಏಕೋಪಾಧ್ಯಾಯ ಶಾಲೆಯೆಂದರೆ ಒಬ್ಬರೇ ಐದು ತರಗತಿಗಳಿಗೆ ಪಾಠ ಹೇಳಬೇಕು, ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ ಬರೆಯಬೇಕು, ಹಾಲು ಕಾಯಿಸಿ ಕೊಡುವುದನ್ನು ನೋಡಿಕೊಳ್ಳಬೇಕು, ಬಿಇಒ ಕಚೇರಿ ಕೇಳಿದ ಮಾಹಿತಿಯನ್ನು ಅಂದೇ ಕಳುಹಿಸಬೇಕು, ಚುನಾವಣೆ ಬಂದರೆ ಅದಕ್ಕೂ ಹೋಗಬೇಕು. ಆ ಒಬ್ಬರಿಗೆ ಜ್ವರ ಬಂದ ದಿನ ಶಾಲೆಗೇ ಜ್ವರ ಬಂದಂತೆ.

ಖಾಲಿ ಹುದ್ದೆಗಳನ್ನು ತುಂಬುವ ಪ್ರಯತ್ನ ನಡೆಯಲೇ ಇಲ್ಲವೆಂದು ಹೇಳಲಾಗದು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆಯಲಾಯಿತು. ಅವುಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಆದರೆ ಆಯ್ಕೆಯಾದವರ ಸಂಖ್ಯೆ ಕರೆದ ಸಂಖ್ಯೆಯನ್ನು ಮುಟ್ಟಲಿಲ್ಲ. ನ್ಯಾಯಾಲಯದ ವ್ಯಾಜ್ಯಗಳಿಂದ ನೇಮಕವೂ ತಡವಾಯಿತು. ಅಲ್ಲಿಯವರೆಗೆ, ಅದಾದ ಮೇಲೆಯೂ, ಶಾಲೆಗಳನ್ನು ನಡೆಸಿದವರು ಅತಿಥಿ ಶಿಕ್ಷಕರು. 2024-25ರಲ್ಲಿ ರಾಜ್ಯದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳಲ್ಲಿ ಇಂತಹವರು 40 ಸಾವಿರಕ್ಕೂ ಮೇಲ್ಪಟ್ಟು ಇದ್ದರು.

ಅತಿಥಿ ಎಂಬ ಈ ಪದವನ್ನು ಶ್ರಾವಕರು ಸ್ವಲ್ಪ ನಿಂತು ಯೋಚಿಸಬೇಕು. ತಿಥಿಯ ನಿಯಮವಿಲ್ಲದೆ ಬರುವವನು ಅತಿಥಿ. ಅವನಿಗೆ ತನ್ನ ಅನ್ನದಲ್ಲಿ ಪಾಲು ಕೊಟ್ಟು ಉಣ್ಣುವುದು ಅತಿಥಿ ಸಂವಿಭಾಗವೆಂಬ ಶಿಕ್ಷಾವ್ರತ. ಸರ್ಕಾರದ ಅತಿಥಿಗೆ ಬರುವ ತಿಥಿಯೂ ತಿಳಿಯದು, ಸಂಬಳದ ತಿಥಿಯೂ ತಿಳಿಯದು. ಶೈಕ್ಷಣಿಕ ವರ್ಷ ಮುಗಿದೊಡನೆ ಅವನ ಕೆಲಸವೂ ಮುಗಿಯುತ್ತದೆ. ಬೇಸಿಗೆಯ ತಿಂಗಳುಗಳಿಗೆ ಗೌರವಧನವಿಲ್ಲ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10 ಸಾವಿರ ರೂಪಾಯಿಯಷ್ಟೇ ಇತ್ತು. 2025ರ ರಾಜ್ಯ ಮುಂಗಡಪತ್ರದಲ್ಲಿ 2 ಸಾವಿರ ರೂಪಾಯಿಯ ಹೆಚ್ಚಳ ಘೋಷಿಸಲಾಯಿತು. ಬಿ.ಎಡ್., ಡಿ.ಎಡ್. ಮುಗಿಸಿ, ಹಳ್ಳಿಯ ಭಾಷೆ ಬಲ್ಲ, ಮಕ್ಕಳ ಮನೆ ಬಲ್ಲ ತರುಣ-ತರುಣಿಯರು ಈ ಹಣಕ್ಕೆ ದುಡಿಯುತ್ತಿದ್ದಾರೆ. ನಿಜವಾದ ಸ್ವಯಂಸೇವಕರು ಯಾರೆಂದು ಕೇಳಿದರೆ ಇವರನ್ನೇ ತೋರಿಸಬೇಕು. ಇವರಿಗೆ ಪ್ರಮಾಣಪತ್ರವೂ ಇಲ್ಲ, ಶಾಲೂ ಇಲ್ಲ.

ವ್ಯಾಪಾರದಲ್ಲಿ ಬಾಳಿದ ಸಮಾಜಕ್ಕೆ ಲೆಕ್ಕದ ಭಾಷೆ ಬೇಗ ಅರ್ಥವಾಗುತ್ತದೆ. ವಿಮಾನದ ದರ, ಏಜೆನ್ಸಿಯ ಶುಲ್ಕ, ವಸತಿ, ವೀಸಾ, ವಿಮೆ ಎಲ್ಲ ಸೇರಿ ಒಂದು ವಿದೇಶ ಸೇವಾಯಾತ್ರೆಗೆ ಒಂದೂವರೆ ಲಕ್ಷ ರೂಪಾಯಿ ತಗಲುವುದೆಂದು ಇಟ್ಟುಕೊಂಡರೆ, ಪಡೆದದ್ದು ಎರಡು ವಾರಗಳಲ್ಲಿ ಹತ್ತು ಶಾಲಾ ದಿನ. ತಿಂಗಳಿಗೆ 12 ಸಾವಿರದಂತೆ ಹತ್ತು ತಿಂಗಳಿಗೆ ಒಬ್ಬ ಶಿಕ್ಷಕನ ಗೌರವಧನ 1 ಲಕ್ಷ 20 ಸಾವಿರ. ಪಡೆದದ್ದು 200 ದಿನ. ಅದರ ಮೇಲೆ 30 ಸಾವಿರ ಉಳಿಯುತ್ತದೆ. ಅದರಲ್ಲಿ ಶಾಲೆಯ ಪುಸ್ತಕದ ಕಪಾಟು ತುಂಬುತ್ತದೆ. ಒಂದೇ ಬಂಡವಾಳಕ್ಕೆ ಒಂದು ಕಡೆ ಹತ್ತು, ಇನ್ನೊಂದು ಕಡೆ ಇನ್ನೂರು ಬರುವಾಗ ಹತ್ತನ್ನು ಆರಿಸುವ ವ್ಯಾಪಾರಿಯನ್ನು ಪೇಟೆಯಲ್ಲಿ ಯಾರೂ ಜಾಣನೆನ್ನರು. ಧರ್ಮದ ವಿಷಯಕ್ಕೆ ಬಂದೊಡನೆ ಈ ಜಾಣ್ಮೆ ಎಲ್ಲಿ ಅಡಗುತ್ತದೆ?

ಹಾಗೆಂದು ಊರು ಬಿಟ್ಟು ಹೋಗಿ ಕಲಿಸುವುದೇ ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಇದೇ ಸೀಮೆಯಲ್ಲಿ ಅದಕ್ಕೆ ಒಳ್ಳೆಯ ನಿದರ್ಶನವಿದೆ. ಕೊಟ್ಟೂರಿನಲ್ಲಿ 1953ರಲ್ಲಿ ಜನಿಸಿದ ಕುಂ. ವೀರಭದ್ರಪ್ಪನವರು ನೆರೆಯ ಆಂಧ್ರಪ್ರದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ದಶಕಗಳ ಕಾಲ ಶಿಕ್ಷಕರಾಗಿದ್ದರು. 2007ರಲ್ಲಿ ಅವರ 'ಅರಮನೆ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಾಡು ಅವರನ್ನು ಲೇಖಕರೆಂದು ಕೊಂಡಾಡಿತು. ಆದರೆ ಅವರ ಬರವಣಿಗೆಯ ಬಹುಭಾಗ ಹುಟ್ಟಿದ್ದು ಆ ಹಳ್ಳಿಗಳ ಶಿಕ್ಷಕ ವೃತ್ತಿಯಿಂದ. ಗಡಿ ದಾಟಿ ಹೋದವರು ಅಲ್ಲಿಯವರಾಗಿ ಬದುಕಿದರು, ಸಂಬಳ ಪಡೆದು ದುಡಿದರು, ಅದನ್ನು ದಾನವೆಂದು ಕರೆದುಕೊಳ್ಳಲಿಲ್ಲ. ದೂರ ಹೋಗುವುದಾದರೆ ಹೋಗುವ ಬಗೆ ಇದು.

ಇನ್ನು ಒಂದು ಗಂಭೀರವಾದ ಆಕ್ಷೇಪಣೆ ಉಳಿದಿದೆ. ಸಮಾಜವು ಹಣ ಕೊಟ್ಟು ಶಿಕ್ಷಕರನ್ನು ಇಟ್ಟರೆ ಸರ್ಕಾರವು ತನ್ನ ಹೊಣೆಯಿಂದ ಜಾರಿಕೊಳ್ಳುವುದಿಲ್ಲವೇ? ಜಾರಿಕೊಳ್ಳುವ ಸಂಭವ ಖಂಡಿತವಾಗಿಯೂ ಇದೆ. ಶಿಕ್ಷಣವು ಮಕ್ಕಳ ಹಕ್ಕು, ಅದು ದಾನಿಗಳ ದಯೆಯ ಮೇಲೆ ನಿಲ್ಲಬಾರದು. ಆದುದರಿಂದ ದಾನದ ಜೊತೆಯಲ್ಲಿ ಒತ್ತಾಯವೂ ನಡೆಯಬೇಕು. ಪ್ರತಿ ಸರ್ಕಾರಿ ಶಾಲೆಗೂ ತಂದೆತಾಯಿಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಮಾರಾಟ ತೆರಿಗೆಯ, ಜಿಎಸ್‌ಟಿಯ ಕಚೇರಿಗಳಲ್ಲಿ ಅರ್ಜಿ ಬರೆದು, ಓಡಾಡಿ, ಪಟ್ಟು ಹಿಡಿದು ಕೆಲಸ ಮಾಡಿಸಿಕೊಂಡು ಬಂದ ವರ್ತಕರಿಗೆ ಈ ಅರ್ಜಿ ಬರೆಯುವುದು ಕಷ್ಟವಲ್ಲ. ತನ್ನ ಹುಂಡಿಯ ಬಾಕಿ ವಸೂಲಿಗೆ ಹತ್ತು ಸಲ ತಿರುಗುವವನು ಊರಿನ ಮಕ್ಕಳ ಬಾಕಿ ವಸೂಲಿಗೆ ಒಂದು ಸಲವಾದರೂ ಹೋಗಬೇಡವೇ? ಕೊಡುಗೆಯ ಪತ್ರದಲ್ಲಿಯೇ ಹೀಗೆ ಬರೆದುಕೊಡಬಹುದು: ಕಾಯಂ ಶಿಕ್ಷಕರು ಬರುವವರೆಗೆ ಮಾತ್ರ ಈ ನೆರವು, ಬಂದ ದಿನ ಇದು ಪಕ್ಕದ ಶಾಲೆಗೆ ಹೋಗುವುದು.

ಹಣವಿಲ್ಲದೆ ಸಮಯವುಳ್ಳವರೂ ಇದ್ದಾರೆ. ಅಂಗಡಿಯ ಭಾರವನ್ನು ಮಕ್ಕಳಿಗೆ ಒಪ್ಪಿಸಿದ ಹಿರಿಯರು, ನಿವೃತ್ತ ಉಪನ್ಯಾಸಕರು, ಬ್ಯಾಂಕಿನ ನೌಕರರು ಎಲ್ಲ ಊರುಗಳಲ್ಲಿಯೂ ಉಂಟು. ಇವರು ಕಲಿಸಲು ಬರುವುದಾದರೆ ಮೂರು ನಿಯಮಗಳನ್ನು ಒಪ್ಪಿಕೊಳ್ಳಲಿ. ಒಂದು, ಪೂರ್ತಿ ಒಂದು ಶೈಕ್ಷಣಿಕ ವರ್ಷ, ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತು. ಮದುವೆ, ಯಾತ್ರೆಗಳ ಕಾರಣ ಹೇಳಿ ತಪ್ಪಿಸಕೂಡದು. ಎರಡು, ಶಾಲೆಯ ಶಿಕ್ಷಕರು ಹೇಳಿದ ಪಾಠವನ್ನೇ, ಅವರ ಮೇಲ್ವಿಚಾರಣೆಯಲ್ಲಿಯೇ ಮಾಡುವುದು. ಮುಖ್ಯೋಪಾಧ್ಯಾಯರ ಅನುಮತಿಯಿಲ್ಲದೆ ಮಕ್ಕಳ ಬಳಿ ಸುಳಿಯಕೂಡದು. ಮೂರು, ಭಾವಚಿತ್ರವಿಲ್ಲ, ಸನ್ಮಾನವಿಲ್ಲ, ಫಲಕದ ಮೇಲೆ ಹೆಸರಿಲ್ಲ. ಈ ಮೂರನೆಯ ನಿಯಮ ಕೇಳಿ ಹಿಂದೆ ಸರಿಯುವವರು ಮೊದಲೇ ಸರಿದುಹೋಗುವುದು ಶಾಲೆಗೆ ಲಾಭ. ವಿದೇಶದಿಂದ ಬರುವ ಮೊಮ್ಮಕ್ಕಳಿಗೂ ಕೆಲಸವಿದೆ. ಅವರು ಕಲಿಸಲು ಕೂರುವುದರ ಬದಲು ಆ ತರಗತಿಯಲ್ಲಿ ಕೆಳಗೆ ಕುಳಿತು ಕನ್ನಡ ಕಲಿಯಲಿ. ಊರಿಗೆ ಹಿಂದಿರುಗಿ ತಮ್ಮ ಮೊದಲ ಸಂಬಳದಿಂದ ಒಬ್ಬ ಅತಿಥಿ ಶಿಕ್ಷಕರ ಬೇಸಿಗೆಯ ಎರಡು ತಿಂಗಳುಗಳನ್ನು ತುಂಬಿಕೊಡಲಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯ ಪ್ರಾಚೀನ ಬಸದಿಯ ದರ್ಶನಕ್ಕೆ ಸಮಾಜ ಬಾಂಧವರು ದೂರದ ಊರುಗಳಿಂದ ಬರುವುದುಂಟು. ಜೀರ್ಣವಾದ ಗೋಡೆಯನ್ನು ಕಂಡು ಮರುಗಿ, ಉದ್ಧಾರವಾಗಬೇಕೆಂದು ಹೇಳಿ ಹೋಗುವರು. ಒಳ್ಳೆಯದೇ. ಆದರೆ ಆ ದಾರಿಯ ಊರುಗಳ ಶಾಲೆಗಳ ಬಾಗಿಲಲ್ಲಿ ಕಾರು ನಿಲ್ಲಿಸಿ, ಇಲ್ಲಿ ಎಷ್ಟು ತರಗತಿ, ಎಷ್ಟು ಜನ ಶಿಕ್ಷಕರು ಎಂದು ಕೇಳಿದವರು ಎಷ್ಟು ಮಂದಿ? ಮುಂದಿನ ಜೂನ್ ತಿಂಗಳಿನಲ್ಲಿ ಶಾಲೆಗಳು ತೆರೆಯುವಾಗ ಈ ಐದು ತಾಲ್ಲೂಕುಗಳಲ್ಲಿ ಯಾವ ಊರಿನ ಯಾವ ತರಗತಿಗೆ ಶಿಕ್ಷಕರಿಲ್ಲ ಎಂಬ ಪಟ್ಟಿಯನ್ನು ಪ್ರತಿಯೊಂದು ಊರಿನ ಸಮಾಜವೂ ತಯಾರಿಸಲಿ. ಆ ಪಟ್ಟಿಯ ಕೊನೆಯ ಹೆಸರು ಅಳಿದ ಮೇಲೆ ಯಾರಾದರೂ ಕೀನ್ಯಾಕ್ಕೆ ಹೊರಟರೆ, ನಿಲ್ದಾಣದ ತನಕ ಬಂದು ಬೀಳ್ಕೊಡಲು ಸಮಾಜವು ಸಿದ್ಧವಾಗಿರಬೇಕು.